ಲೆಕ್ಕ ಮುಗಿದ ಮೇಲೂ ಮೂರು ತಿಂಗಳು: 2008ರಲ್ಲಿ ಹಿಲರಿ ಕ್ಲಿಂಟನ್ ಕಣದಲ್ಲಿ ಉಳಿದದ್ದು ಸರಿಯೇ?

ಅಮೆರಿಕದ ಡೆಮಾಕ್ರಟಿಕ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿ ಯಾರೆಂದು ತೀರ್ಮಾನಿಸುವ ಒಳಚುನಾವಣೆಗಳಲ್ಲಿ, ಅಂದರೆ ಪ್ರೈಮರಿಗಳಲ್ಲಿ, 2008ರ ಮಾರ್ಚ್ 4ರ ರಾತ್ರಿ ಹಿಲರಿ ಕ್ಲಿಂಟನ್ ಒಹಾಯೊ ಗೆದ್ದರು, ರೋಡ್ ಐಲೆಂಡ್ ಗೆದ್ದರು, ಟೆಕ್ಸಾಸ್ ಪ್ರೈಮರಿಯನ್ನೂ ಗೆದ್ದರು. ಫೆಬ್ರುವರಿ 5ರ ನಂತರ ಸತತ ಹನ್ನೊಂದು ಕಡೆ ಸೋತಿದ್ದ ಪಾಳಯದಲ್ಲಿ ಅಂದು ಹಬ್ಬ. ಆದರೆ ಟೆಕ್ಸಾಸ್ ಡೆಮಾಕ್ರಟಿಕ್ ಪಕ್ಷದ್ದು ಆಗ ವಿಚಿತ್ರ ಪದ್ಧತಿ. ಹಗಲಿಡೀ ಮತದಾನ, ಕತ್ತಲಾದ ಮೇಲೆ ಸಭೆ ಸೇರಿ ತಲೆ ಎಣಿಸುವ ಕಾಕಸ್. ಹಗಲಿನ ಮತದಾನ ಹಿಲರಿಯವರ ಪಾಲಾಯಿತು, ರಾತ್ರಿಯ ಕಾಕಸ್ ಎದುರಾಳಿ ಬರಾಕ್ ಒಬಾಮ ಅವರ ಪಾಲಾಯಿತು. ಎರಡನ್ನೂ ಕೂಡಿಸಿ ನೋಡಿದಾಗ, ಅಭ್ಯರ್ಥಿಯನ್ನು ಆರಿಸುವ ಪಕ್ಷದ ಅಧಿವೇಶನಕ್ಕೆ ಒಬಾಮ ಅವರಿಗೆ 99 ಪ್ರತಿನಿಧಿಗಳು, ಹಿಲರಿಯವರಿಗೆ 94. ಟಿವಿ ಪರದೆಯ ಮೇಲೆ ರಾಜ್ಯ ಗೆದ್ದವರು ಪಕ್ಷದ ದಫ್ತರದಲ್ಲಿ ಐದು ಪ್ರತಿನಿಧಿಗಳಷ್ಟು ಹಿಂದೆ ಬಿದ್ದಿದ್ದರು. ಅಂದು ಮತ ಹಾಕಿದ ನಾಲ್ಕು ರಾಜ್ಯಗಳನ್ನೂ ಒಟ್ಟುಗೂಡಿಸಿದರೆ ಹಿಲರಿಯವರಿಗೆ ದಕ್ಕಿದ ನಿವ್ವಳ ಲಾಭ ಬೆರಳೆಣಿಕೆಯಷ್ಟು ಪ್ರತಿನಿಧಿಗಳು ಮಾತ್ರ.

ಅದೇ ರಾತ್ರಿ ಇನ್ನೊಂದು ಸಂಗತಿ ನಡೆಯಿತು. ರಿಪಬ್ಲಿಕನ್ ಪಕ್ಷದಲ್ಲಿ ಜಾನ್ ಮೆಕೇನ್ ಅವರ ಉಮೇದುವಾರಿಕೆ ಖಚಿತವಾಯಿತು. ಕೊನೆಯ ತನಕ ಹಟ ಹಿಡಿದಿದ್ದ ಮೈಕ್ ಹಕಬಿ ಕಣದಿಂದ ಸರಿದರು. ಎದುರಾಳಿ ಪಕ್ಷದ ಮನೆಜಗಳ ಮುಗಿದಿತ್ತು, ಡೆಮಾಕ್ರಟರದು ಮುಂದುವರಿದಿತ್ತು. ಹಿಂದುಳಿದಿರುವ ಹಿಲರಿ ಈಗಲೇ ಸರಿದು ಪಕ್ಷಕ್ಕೆ ಉಪಕಾರ ಮಾಡಬೇಕೇ ಎಂಬ ಪ್ರಶ್ನೆ ಎದ್ದದ್ದು ಆಗ. ಅಲ್ಲಿಂದ ಜೂನ್ 7ರವರೆಗೆ ಅದನ್ನು ಕೇಳದ ದಿನವಿಲ್ಲ.

ಈ ಪ್ರಶ್ನೆಗೆ ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರ ಕೊಡುವವರನ್ನು ನಾನು ನಂಬುವುದಿಲ್ಲ. ಮಾರ್ಚ್ 5ರಂದು ಅದಕ್ಕೆ ಒಂದು ಉತ್ತರವಿತ್ತು, ಮೇ 7ರಂದು ಇನ್ನೊಂದು, ಜೂನ್ 3ರ ರಾತ್ರಿ ಮತ್ತೊಂದು. ಹಿಲರಿ ಮೊದಲ ದಿನ ಸರಿಯಾಗಿಯೇ ನಿರ್ಧರಿಸಿದರು. ಎರಡನೆಯ ದಿನ ಉಳಿದದ್ದು ಸರಿ, ಉಳಿಯಲು ಕೊಟ್ಟ ಕಾರಣ ತಪ್ಪು. ಮೂರನೆಯದು ಎರಡು ರೀತಿಯಲ್ಲೂ ತಪ್ಪು.

ಪದ್ಧತಿ ಹೇಗಿತ್ತು

ನಮ್ಮಲ್ಲಿ ಟಿಕೆಟ್ ಎಂಬುದು ದೆಹಲಿಯಲ್ಲಿ ತೀರ್ಮಾನವಾಗುವ ವಿಷಯ. ಬಿ ಫಾರಂ ಕೈತಪ್ಪಿದವರು ಬಂಡಾಯ ಅಭ್ಯರ್ಥಿಯಾಗಿ ನಿಲ್ಲುತ್ತಾರೆ, ಇಲ್ಲವೇ ಮುನಿಸು ನುಂಗಿಕೊಳ್ಳುತ್ತಾರೆ. ಹಾಗಾಗಿ ಪಕ್ಷದೊಳಗೇ ಐದು ತಿಂಗಳು ಬಹಿರಂಗವಾಗಿ ಚುನಾವಣೆ ನಡೆಯುವುದು ನಮಗೆ ಅಷ್ಟು ಪರಿಚಿತವಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ಕೆಲವೇ ಕ್ಷೇತ್ರಗಳಲ್ಲಿ ಇಂಥ ಆಂತರಿಕ ಚುನಾವಣೆ ನಡೆಸಿ ನೋಡಿತು. ಕರ್ನಾಟಕದಲ್ಲಿ ಬೆಂಗಳೂರು ಉತ್ತರ ಮತ್ತು ದಕ್ಷಿಣ ಕನ್ನಡ ಅದರಲ್ಲಿದ್ದವು. ದಕ್ಷಿಣ ಕನ್ನಡದಲ್ಲಿ ಜನಾರ್ದನ ಪೂಜಾರಿ ಒಳಚುನಾವಣೆ ಗೆದ್ದು ಹೊರಚುನಾವಣೆ ಸೋತರು. ಪ್ರಯೋಗ ಅಲ್ಲಿಗೇ ನಿಂತಿತು. ಅಲ್ಲಿ ಮತ ಹಾಕಿದವರು ಪಕ್ಷದ ಪದಾಧಿಕಾರಿಗಳು. ಅಮೆರಿಕದ ಪ್ರೈಮರಿಯಲ್ಲಿ ಮತ ಹಾಕುವವರು ಸಾಮಾನ್ಯ ಮತದಾರರು, ಅದೂ ಕೋಟಿಗಟ್ಟಲೆ.

ಆ ಕೋಟಿಗಟ್ಟಲೆ ಮತ ನೇರವಾಗಿ ಅಭ್ಯರ್ಥಿಯನ್ನು ಆರಿಸುವುದಿಲ್ಲ. ಬೇಸಿಗೆಯ ಕೊನೆಗೆ ನಡೆಯುವ ರಾಷ್ಟ್ರೀಯ ಅಧಿವೇಶನಕ್ಕೆ ಹೋಗುವ ಪ್ರತಿನಿಧಿಗಳನ್ನು ಆರಿಸುತ್ತದೆ. ಡೆಮಾಕ್ರಟಿಕ್ ಪಕ್ಷದಲ್ಲಿ ಶೇ 15ಕ್ಕಿಂತ ಹೆಚ್ಚು ಮತ ಪಡೆದ ಎಲ್ಲರಿಗೂ ಪ್ರಮಾಣಕ್ಕೆ ತಕ್ಕಂತೆ ಪ್ರತಿನಿಧಿಗಳು. ರಾಜ್ಯ ಗೆದ್ದವರಿಗೆ ಪೂರ್ತಿ ರಾಜ್ಯ ಎಂಬುದಿಲ್ಲ. ಇವರ ಜೊತೆಗೆ ಸಂಸದರು, ರಾಜ್ಯಪಾಲರು, ಪಕ್ಷದ ಹಿರಿಯರು ಸೇರಿ 2008ರಲ್ಲಿ ಸುಮಾರು ಎಂಟುನೂರು ಸೂಪರ್ ಡೆಲಿಗೇಟ್‌ಗಳು. ಇವರು ಯಾರ ಮತಕ್ಕೂ ಬದ್ಧರಾಗಿರಲಿಲ್ಲ. ಕೊನೆಯ ದಿನದವರೆಗೂ ಮನಸ್ಸು ಬದಲಾಯಿಸಬಹುದಿತ್ತು.

ಪ್ರಮಾಣಕ್ಕೆ ತಕ್ಕಂತೆ ಎಂಬ ಪದದೊಳಗೆ ಇಡೀ ಕಥೆ ಅಡಗಿದೆ. ಹೆಚ್ಚಿನ ಪ್ರತಿನಿಧಿಗಳು ಹಂಚಿಕೆಯಾಗುವುದು ಒಂದೊಂದು ಸಂಸದೀಯ ಕ್ಷೇತ್ರದ ಮಟ್ಟದಲ್ಲಿ. ನಾಲ್ಕು ಪ್ರತಿನಿಧಿಗಳ ಒಂದು ಕ್ಷೇತ್ರವಿದೆ ಎನ್ನಿ. ಇಬ್ಬರೇ ಸ್ಪರ್ಧಿಗಳು. ಶೇ 55 ಮತ ಪಡೆದರೂ ಎರಡು, ಶೇ 60 ಪಡೆದರೂ ಎರಡು. ಮೂರನೆಯ ಪ್ರತಿನಿಧಿ ಸಿಗಬೇಕಾದರೆ ಶೇ 62.5 ದಾಟಬೇಕು. ಅದೇ ಮೂರು ಪ್ರತಿನಿಧಿಗಳ ಕ್ಷೇತ್ರದಲ್ಲಿ ಒಂದು ಮತ ಹೆಚ್ಚು ಬಂದರೂ ಎರಡಕ್ಕೊಂದು. ಒಬಾಮ ತಂಡ ಈ ಬೆಸ–ಸಮ ಲೆಕ್ಕವನ್ನು ಕ್ಷೇತ್ರವಾರು ಕಂಠಪಾಠ ಮಾಡಿಕೊಂಡಿತ್ತು. ಹಿಲರಿ ತಂಡ ಫೆಬ್ರುವರಿ 5ರಂದು, ಇಪ್ಪತ್ತೆರಡು ರಾಜ್ಯಗಳು ಒಟ್ಟಿಗೆ ಮತ ಹಾಕುವ ಸೂಪರ್ ಮಂಗಳವಾರದಂದೇ ಎಲ್ಲವೂ ಮುಗಿಯುತ್ತದೆ ಎಂಬ ಭರವಸೆಯಲ್ಲಿ ದೊಡ್ಡ ರಾಜ್ಯಗಳ ಮೇಲೆ ಕಣ್ಣಿಟ್ಟಿತ್ತು.

ಅದರ ಫಲ ನೋಡಿ. ಅಂದು ನ್ಯೂಜೆರ್ಸಿಯಲ್ಲಿ ಹನ್ನೊಂದು ಲಕ್ಷಕ್ಕೂ ಹೆಚ್ಚು ಜನ ಮತ ಹಾಕಿದರು. ಹಿಲರಿ ಸಲೀಸಾಗಿ ಗೆದ್ದರು. ಪ್ರತಿನಿಧಿಗಳು 59ಕ್ಕೆ 48, ಅಂದರೆ ಹನ್ನೊಂದರ ಮುನ್ನಡೆ. ಅದೇ ದಿನ ಐಡಹೊ ಎಂಬ, ಡೆಮಾಕ್ರಟರು ಅಧ್ಯಕ್ಷೀಯ ಚುನಾವಣೆಯಲ್ಲಿ ಗೆಲ್ಲುವ ಕನಸನ್ನೂ ಕಾಣದ ರಾಜ್ಯದಲ್ಲಿ ಕಾಕಸ್ ನಡೆಯಿತು. ಬಂದವರು ಸುಮಾರು 21 ಸಾವಿರ ಜನ. ಮೂರು ದಿನ ಮೊದಲು ಒಬಾಮ ಅಲ್ಲಿನ ಬಾಯ್ಸಿ ನಗರಕ್ಕೆ ಹೋಗಿ ಹದಿನಾಲ್ಕು ಸಾವಿರ ಜನರ ಸಭೆ ನಡೆಸಿದ್ದರು. ಫಲಿತಾಂಶ 15ಕ್ಕೆ 3, ಅಂದರೆ ಹನ್ನೆರಡರ ಮುನ್ನಡೆ. ನ್ಯೂಜೆರ್ಸಿಯ ಹನ್ನೊಂದು ಲಕ್ಷವನ್ನು ಐಡಹೊದ ಇಪ್ಪತ್ತೊಂದು ಸಾವಿರ ನುಂಗಿ ನೀರು ಕುಡಿಯಿತು.

ಇದು ನ್ಯಾಯವೇ ಎಂದು ಕೇಳಬಹುದು. ಹಿಲರಿ ಬೆಂಬಲಿಗರು ಕೇಳಿದರು ಕೂಡ. ನಿಯಮ ಎಲ್ಲರಿಗೂ ಮೊದಲೇ ಗೊತ್ತಿತ್ತು ಎಂಬುದಷ್ಟೇ ನನ್ನ ಉತ್ತರ. ಪ್ರಮಾಣಾನುಗುಣ ಹಂಚಿಕೆಯ ಗುಣವೇ ಅದು: ಒಮ್ಮೆ ನೂರು ಪ್ರತಿನಿಧಿಗಳಷ್ಟು ಹಿಂದೆ ಬಿದ್ದವರು ಸಣ್ಣ ಪುಟ್ಟ ಗೆಲುವುಗಳಿಂದ ಮೇಲೇಳಲಾರರು.

ಮಾರ್ಚ್ 5

ಮಾರ್ಚ್ 11ರಂದು ಮಿಸಿಸಿಪ್ಪಿ ಮುಗಿದ ಮೇಲೆ ಬಾಕಿ ಉಳಿದದ್ದು ಹತ್ತು ಕಡೆಯ ಮತದಾನ: ಪೆನ್ಸಿಲ್ವೇನಿಯಾ, ಗುವಾಮ್, ಇಂಡಿಯಾನಾ, ನಾರ್ತ್ ಕೆರೊಲಿನಾ, ವೆಸ್ಟ್ ವರ್ಜೀನಿಯಾ, ಕೆಂಟಕಿ, ಒರೆಗಾನ್, ಪೋರ್ಟೊ ರಿಕೊ, ಮೊಂಟಾನಾ, ಸೌತ್ ಡಕೋಟಾ. ಎಲ್ಲ ಸೇರಿ 566 ಪ್ರತಿನಿಧಿಗಳು. ಒಬಾಮ ಅವರ ಮುನ್ನಡೆ ಹೆಚ್ಚುಕಡಿಮೆ 160. ಅದನ್ನು ಸರಿಗಟ್ಟಲು ಹಿಲರಿ ಉಳಿದ 566ರಲ್ಲಿ ಸುಮಾರು 363 ಪಡೆಯಬೇಕು, ಅಂದರೆ ಶೇ 64. ತಮ್ಮ ಸ್ವಂತ ರಾಜ್ಯವಾದ ನ್ಯೂಯಾರ್ಕ್‌ನಲ್ಲೂ ಅವರಿಗೆ ಅಷ್ಟು ಬಂದಿರಲಿಲ್ಲ. ಮತದಾರರು ಆರಿಸುವ ಪ್ರತಿನಿಧಿಗಳ ಲೆಕ್ಕದಲ್ಲಿ ಪಂದ್ಯ ಅಲ್ಲಿಗೆ ಮುಗಿದಿತ್ತು. ಪತ್ರಿಕೆಗಳು ಇದನ್ನು ಮತ್ತೆ ಮತ್ತೆ ಬರೆದವು. ಹಿಲರಿ ತಂಡಕ್ಕೆ ಇದು ಗೊತ್ತಿರಲಿಲ್ಲ ಎಂದೇನಲ್ಲ.

ಹಾಗಾದರೆ ಉಳಿಯಲು ಆಧಾರವೇನು? ಸೂಪರ್ ಡೆಲಿಗೇಟ್‌ಗಳು. ಒಬಾಮ ಅವರಿಗೂ ಪ್ರೈಮರಿಗಳಿಂದಷ್ಟೇ ಬಹುಮತ ಮುಟ್ಟುವುದು ಸಾಧ್ಯವಿರಲಿಲ್ಲ. ಇಬ್ಬರಿಗೂ ಹಿರಿಯರ ಕೃಪೆ ಬೇಕಿತ್ತು. ವರ್ಷದ ಆರಂಭದಲ್ಲಿ ಆ ಹಿರಿಯರಲ್ಲಿ ಹಿಲರಿಯವರಿಗೇ ದೊಡ್ಡ ಮುನ್ನಡೆ. ಆದರೆ ಗಾಳಿ ತಿರುಗುತ್ತಿತ್ತು. ನಾಗರಿಕ ಹಕ್ಕುಗಳ ಚಳವಳಿಯ ಹಿರಿಯ, ಜಾರ್ಜಿಯಾದ ಸಂಸದ ಜಾನ್ ಲೂಯಿಸ್ ಫೆಬ್ರುವರಿ ಕೊನೆಗೆ ಹಿಲರಿಯವರನ್ನು ಬಿಟ್ಟು ಒಬಾಮ ಕಡೆ ಬಂದಿದ್ದರು. ತಮ್ಮ ಕ್ಷೇತ್ರದ ಜನ ಒಂದು ಕಡೆ ನಿಂತಾಗ ತಾವು ಇನ್ನೊಂದು ಕಡೆ ನಿಲ್ಲುವ ಧೈರ್ಯ ಲೂಯಿಸ್ ಅವರಂಥವರಿಗೇ ಇರಲಿಲ್ಲ ಎಂದಮೇಲೆ ಉಳಿದವರ ಮಾತೇನು? ಪ್ರತಿನಿಧಿ ಸಭೆಯ ಅಧ್ಯಕ್ಷೆ ನ್ಯಾನ್ಸಿ ಪೆಲೋಸಿ ಅವರು ಹಿರಿಯರು ಮತದಾರರ ತೀರ್ಪನ್ನು ಮೀರಿದರೆ ಪಕ್ಷಕ್ಕೆ ಕೇಡು ಎಂಬರ್ಥದ ಮಾತಾಡಿದರು. ಹಿಲರಿಯವರ ಇಪ್ಪತ್ತು ದೊಡ್ಡ ದಾನಿಗಳು ಸಿಟ್ಟಿನ ಪತ್ರ ಬರೆದು ಪೆಲೋಸಿಯವರನ್ನು ಎಚ್ಚರಿಸಲು ಹೋದರು. ದುಡ್ಡಿನ ಗತ್ತು ತೋರಿಸಿದ ಆ ಪತ್ರದಿಂದ ಹಿಲರಿಯವರಿಗೆ ಲಾಭಕ್ಕಿಂತ ನಷ್ಟವೇ ಹೆಚ್ಚಾಯಿತು ಎಂಬುದು ನನ್ನ ಅನಿಸಿಕೆ.

ಮಾರ್ಚ್ 28ರಂದು ವರ್ಮಾಂಟ್‌ನ ಸೆನೆಟರ್ ಪ್ಯಾಟ್ರಿಕ್ ಲೇಹಿ ನೇರವಾಗಿಯೇ ಹೇಳಿದರು: ಹಿಲರಿ ಸರಿಯಬೇಕು. ಲೇಹಿ ಒಬಾಮ ಬೆಂಬಲಿಗರು. ಎದುರಾಳಿಯ ಪಾಳಯದಿಂದ ಬಂದ ಇಂಥ ಬುದ್ಧಿವಾದಕ್ಕೆ ಕಿವಿಗೊಡುವ ರಾಜಕಾರಣಿ ಎಲ್ಲಿದ್ದಾರೆ? ಒಬಾಮ ಲೇಹಿಗಿಂತ ಚತುರರು. ಮರುದಿನವೇ ಹಿಲರಿಯವರು ಬಯಸಿದಷ್ಟು ದಿನ ಸ್ಪರ್ಧಿಸಬಹುದು ಎಂದುಬಿಟ್ಟರು. ಮುಂದಿದ್ದವರು ಆಡಬೇಕಾದ ಮಾತು ಅದೇ. ಹಿಂದಿರುವವರನ್ನು ಹೊರದಬ್ಬಲು ನೋಡಿದರೆ ಅವರ ಮತದಾರರು ಅದನ್ನು ನವೆಂಬರ್‌ವರೆಗೂ ನೆನಪಿಟ್ಟುಕೊಳ್ಳುತ್ತಾರೆ. ಶ್ವೇತಭವನದ ಹತ್ತಿರ ಬಂದ ಮೊದಲ ಮಹಿಳೆಯನ್ನು ಗಂಡಸರ ಗುಂಪೊಂದು ಪಕ್ಕಕ್ಕೆ ಸರಿಸುತ್ತಿದೆ ಎಂಬ ಭಾವನೆ ಆಗಲೇ ಬಲವಾಗಿತ್ತು.

ಮಾರ್ಚ್‌ನಲ್ಲಿ ಉಳಿದದ್ದು ಸರಿ ಎನ್ನಲು ನನಗೆ ಮುಖ್ಯವಾಗಿ ಕಾಣುವ ಕಾರಣ, ಮುಂದಿದ್ದ ಅಭ್ಯರ್ಥಿಯ ಪರೀಕ್ಷೆ ಇನ್ನೂ ಮುಗಿದಿರಲಿಲ್ಲ ಎಂಬುದು. ಲೇಹಿ ಮಾತಾಡುವ ಎರಡು ವಾರ ಮೊದಲಷ್ಟೇ ಒಬಾಮ ಅವರ ಚರ್ಚಿನ ಪಾದ್ರಿ ಜೆರೆಮೈಯಾ ರೈಟ್ ಅವರ ಬೆಂಕಿಯಂಥ ಭಾಷಣಗಳ ವಿಡಿಯೋ ದೇಶದೆಲ್ಲೆಡೆ ಹರಡಿತ್ತು. ಮಾರ್ಚ್ 18ರಂದು ಫಿಲಡೆಲ್ಫಿಯಾದಲ್ಲಿ ಒಬಾಮ ಜನಾಂಗ ಸಂಬಂಧಗಳ ಕುರಿತು ಮಾಡಿದ ಭಾಷಣ ಆ ಬೆಂಕಿಯನ್ನು ತಣ್ಣಗಾಗಿಸಿತು. ಆದರೆ ಅದು ಸಾಧ್ಯವಾಗುತ್ತದೆ ಎಂದು ಮಾರ್ಚ್ 13ರಂದು ಯಾರಿಗೂ ಗೊತ್ತಿರಲಿಲ್ಲ. ಏಪ್ರಿಲ್‌ನಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದ ದಾನಿಗಳ ಸಭೆಯಲ್ಲಿ ಒಬಾಮ, ಕಾರ್ಖಾನೆ ಮುಚ್ಚಿದ ಸಣ್ಣ ಊರುಗಳ ಜನ ಕಹಿಯಾಗಿ ಬಂದೂಕು ಮತ್ತು ಧರ್ಮಕ್ಕೆ ಅಂಟಿಕೊಳ್ಳುತ್ತಾರೆ ಎಂದು ಹೇಳಿದ್ದು ಹೊರಬಿತ್ತು. ಅಭ್ಯರ್ಥಿ ಒಬ್ಬರೇ ಉಳಿದು, ಆಮೇಲೆ ಇಂಥದ್ದೊಂದು ಅವರನ್ನು ಮುಳುಗಿಸಿದ್ದರೆ ಪಕ್ಷ ಯಾರ ಮುಖ ನೋಡಬೇಕಿತ್ತು? ಎರಡನೆಯ ಸ್ಥಾನದಲ್ಲಿರುವವರು ಒಂದು ಮಟ್ಟಿಗೆ ಪಕ್ಷದ ವಿಮೆ.

ಪಕ್ಷವನ್ನು ಕಾಯುವ ಈ ವಿಮೆಯ ಕಂತು ಕಟ್ಟಿದವರು ಮಾತ್ರ ಬೇರೆಯವರು. ಹಿಲರಿ ಜನವರಿಯಲ್ಲಿ ತಮ್ಮದೇ 50 ಲಕ್ಷ ಡಾಲರ್ ಪ್ರಚಾರಕ್ಕೆ ಸಾಲ ಕೊಟ್ಟಿದ್ದರು. ಏಪ್ರಿಲ್‌ನಿಂದ ಮೇ ಮೊದಲ ವಾರದೊಳಗೆ ಮತ್ತೆ 64 ಲಕ್ಷ ಕೊಟ್ಟರು. ಸಭೆಗಳಿಗೆ ವೇದಿಕೆ ಹಾಕಿದ, ಊಟ ಕೊಟ್ಟ ಸಣ್ಣ ವ್ಯಾಪಾರಿಗಳ ಬಿಲ್ಲುಗಳು ತಿಂಗಳುಗಟ್ಟಲೆ ಬಾಕಿ ಬಿದ್ದವು. ಹಿಂದುಳಿದ ಅಭ್ಯರ್ಥಿಯ ಹಟದ ಬಗ್ಗೆ ಬರೆಯುವವರು ಆ ಬಿಲ್ಲುಗಳ ಬಗ್ಗೆ ಬರೆಯುವುದು ಕಡಿಮೆ.

ಏಪ್ರಿಲ್ 22ರಂದು ಪೆನ್ಸಿಲ್ವೇನಿಯಾ. ಒಬಾಮ ಟಿವಿ ಜಾಹೀರಾತಿಗೆ ಎರಡು ಪಟ್ಟಿಗೂ ಹೆಚ್ಚು ಸುರಿದರೂ ಹಿಲರಿ ಒಂಬತ್ತಕ್ಕೂ ಹೆಚ್ಚು ಶೇಕಡಾ ಅಂಶಗಳಿಂದ ಗೆದ್ದರು. ಪ್ರತಿನಿಧಿಗಳು 85ಕ್ಕೆ 73. ಆರು ವಾರಗಳ ಬೆವರಿಗೆ ಸಿಕ್ಕ ನಿವ್ವಳ ಲಾಭ ಹನ್ನೆರಡು, ಅಂದರೆ ಒಂದು ಐಡಹೊ.

ಮೇ 7

ಮೇ 6ರಂದು ಇಂಡಿಯಾನಾ ಮತ್ತು ನಾರ್ತ್ ಕೆರೊಲಿನಾ. ಇಂಡಿಯಾನಾವನ್ನು ಹಿಲರಿ ಸುಮಾರು ಹದಿನಾಲ್ಕು ಸಾವಿರ ಮತಗಳಿಂದ, ಅಂದರೆ ಕೂದಲೆಳೆಯಿಂದ ಗೆದ್ದರು. ನಾರ್ತ್ ಕೆರೊಲಿನಾದಲ್ಲಿ ಹದಿನಾಲ್ಕು ಶೇಕಡಾ ಅಂಶಗಳಿಂದ ಸೋತರು. ಪೆನ್ಸಿಲ್ವೇನಿಯಾದಲ್ಲಿ ಗಳಿಸಿದ್ದೆಲ್ಲ ಒಂದೇ ರಾತ್ರಿಯಲ್ಲಿ ಕರಗಿತು. ಎನ್‌ಬಿಸಿಯ ಟಿಮ್ ರಸೆಟ್ ಅಂದು ನಡುರಾತ್ರಿ ಡೆಮಾಕ್ರಟಿಕ್ ಅಭ್ಯರ್ಥಿ ಯಾರೆಂಬುದು ಈಗ ನಮಗೆ ಗೊತ್ತಾಗಿದೆ ಎಂದು ಘೋಷಿಸಿದರು.

ಮರುದಿನ ಬಂದ ಮಾತು ಲೇಹಿಯವರ ಮಾತಿನಂತಿರಲಿಲ್ಲ. ಜಾರ್ಜ್ ಮೆಗವರ್ನ್ ಹಿಲರಿಯವರ ಬೆಂಬಲಿಗರು. 1972ರಲ್ಲಿ ಅವರು ಅಧ್ಯಕ್ಷೀಯ ಅಭ್ಯರ್ಥಿಯಾಗಿದ್ದಾಗ ಯುವಕ ಬಿಲ್ ಕ್ಲಿಂಟನ್ ಮತ್ತು ಹಿಲರಿ ಟೆಕ್ಸಾಸ್‌ನಲ್ಲಿ ಅವರ ಪರವಾಗಿ ಓಡಾಡಿದ್ದರು. ಅದಕ್ಕೂ ಮಿಗಿಲಾಗಿ, 1968ರ ಪಕ್ಷದ ಅಧಿವೇಶನದ ರಂಪಾಟದ ನಂತರ ಪಕ್ಷದ ಪ್ರತಿನಿಧಿ ಆಯ್ಕೆಯ ನಿಯಮಗಳನ್ನು ಹೊಸದಾಗಿ ಬರೆದ ಆಯೋಗಕ್ಕೆ ಮೆಗವರ್ನ್ ಅವರೇ ಮೊದಲ ಅಧ್ಯಕ್ಷರು. ಇಂದಿನ ಪ್ರೈಮರಿ ವ್ಯವಸ್ಥೆಯ ಬೇರು ಅಲ್ಲಿದೆ. ಅಂಥವರು ಮೇ 7ರಂದು ಒಬಾಮ ಕಡೆ ಬಂದು, ಹಿಲರಿ ಸರಿಯಬೇಕು ಎಂದರು. ಸ್ನೇಹಿತರಿಂದ ಬಂದ ಈ ಸಲಹೆಗೆ ಬೇರೆ ತೂಕ.

ಹಿಲರಿ ಸರಿಯಲಿಲ್ಲ. ಇಲ್ಲಿಯೂ ನಾನು ಅವರನ್ನು ಪೂರ್ತಿ ದೂರಲಾರೆ. ಮುಂದಿನ ವಾರ ವೆಸ್ಟ್ ವರ್ಜೀನಿಯಾ, ಅದರ ಮುಂದಿನ ವಾರ ಕೆಂಟಕಿ ಇದ್ದವು. ಅವರು ಹಿಂದೆ ಸರಿದಿದ್ದರೂ ಆ ರಾಜ್ಯಗಳಲ್ಲಿ ಒಬಾಮ ಸೋಲುವ ಸಾಧ್ಯತೆ ಇತ್ತು. ಕಣದಲ್ಲಿಲ್ಲದವರ ಎದುರು ಮುಂದಿದ್ದ ಅಭ್ಯರ್ಥಿ ಸೋಲುವುದಕ್ಕಿಂತ ದೊಡ್ಡ ಮುಜುಗರ ಯಾವುದು? ನಿಜವಾಗಿ ನಡೆದದ್ದೂ ಸಣ್ಣದೇನಲ್ಲ. ವೆಸ್ಟ್ ವರ್ಜೀನಿಯಾದಲ್ಲಿ ಹಿಲರಿಯವರಿಗೆ ಶೇ 67, ಒಬಾಮ ಅವರಿಗೆ ಶೇ 26. ಆ ರಾಜ್ಯಗಳ ಜನರಿಗೂ ತಮ್ಮ ಮತ ಲೆಕ್ಕಕ್ಕೆ ಬರಬೇಕೆಂಬ ಆಸೆ ಇತ್ತು. ಎಷ್ಟೋ ವರ್ಷಗಳಿಂದ ಅವರ ಪ್ರೈಮರಿ ಬರುವ ಹೊತ್ತಿಗೆ ಅಭ್ಯರ್ಥಿ ತೀರ್ಮಾನವಾಗಿಬಿಟ್ಟಿರುತ್ತಿದ್ದರು.

ತಪ್ಪಿದ್ದದ್ದು ಮಾತಿನಲ್ಲಿ. ಗೆಲ್ಲುವ ದಾರಿ ಮುಚ್ಚಿದ ಮೇಲೆ ಉಳಿಯುವುದಕ್ಕೆ ಕಾರಣ ಹುಡುಕಬೇಕಾಗುತ್ತದೆ. ಆ ಹುಡುಕಾಟದಲ್ಲಿ ನಾಲಿಗೆ ಜಾರುತ್ತದೆ. ಮೇ 7ರ ಸಂದರ್ಶನವೊಂದರಲ್ಲಿ ಹಿಲರಿ, ಶ್ರಮಪಡುವ ಬಿಳಿಯ ಅಮೆರಿಕನ್ನರಲ್ಲಿ ಒಬಾಮ ಬೆಂಬಲ ಕುಸಿಯುತ್ತಿದೆ ಎಂದರು. ಸೂಪರ್ ಡೆಲಿಗೇಟ್‌ಗಳಿಗೆ ಕೇಳಿಸಲೆಂದು ಆಡಿದ ಮಾತು ಕಪ್ಪು ಮತದಾರರಿಗೆ ಕೇಳಿಸಿತು. ಮೇ 23ರಂದು ಸೌತ್ ಡಕೋಟಾದ ಪತ್ರಿಕೆಯೊಂದರ ಸಂಪಾದಕರು ಯಾಕೆ ಇನ್ನೂ ಕಣದಲ್ಲಿದ್ದೀರಿ ಎಂದಾಗ ಕೊಟ್ಟ ಉತ್ತರ ಇನ್ನೂ ಕೆಟ್ಟದು. 1992ರಲ್ಲಿ ತಮ್ಮ ಪತಿಯ ಉಮೇದುವಾರಿಕೆ ಖಚಿತವಾದದ್ದು ಜೂನ್‌ನಲ್ಲಿ, 1968ರಲ್ಲಿ ಇದೇ ಸ್ಪರ್ಧೆಯಲ್ಲಿದ್ದ ರಾಬರ್ಟ್ ಕೆನಡಿ ಹತ್ಯೆಯಾದದ್ದೂ ಜೂನ್‌ನಲ್ಲಿ ಎಂದರು. ಅದೇ ವಾರ ರಾಬರ್ಟ್ ಅವರ ತಮ್ಮ ಎಡ್ವರ್ಡ್ ಕೆನಡಿ ಅವರಿಗೆ ಮಿದುಳಿನ ಗಡ್ಡೆ ಇರುವುದು ತಿಳಿದಿತ್ತು. ಅಮೆರಿಕದ ಮೊದಲ ಕಪ್ಪು ಅಧ್ಯಕ್ಷನಾಗಬಲ್ಲವನ ಪ್ರಾಣದ ಬಗ್ಗೆ ಅಸಂಖ್ಯ ಜನ ಆತಂಕದಲ್ಲಿದ್ದ ಕಾಲ ಅದು. ಅವರು ಹೇಳಹೊರಟದ್ದು ತಿಂಗಳ ಬಗ್ಗೆ, ಜನರಿಗೆ ಕೇಳಿಸಿದ್ದು ಹತ್ಯೆಯ ಬಗ್ಗೆ. ಅಂದೇ ಕ್ಷಮೆ ಕೇಳಿದರು. ಲೆಕ್ಕವಾಗಿಯೂ ಆ ಹೋಲಿಕೆ ನಿಲ್ಲುವುದಿಲ್ಲ. 1968ರ ಪ್ರೈಮರಿಗಳು ಆರಂಭವಾದದ್ದೇ ಮಾರ್ಚ್‌ನಲ್ಲಿ. 2008ರಲ್ಲಿ ಜನವರಿ 3ಕ್ಕೇ ಮೊದಲ ರಾಜ್ಯವಾದ ಆಯೊವಾ ಮುಗಿದಿತ್ತು.

ನಾಲ್ಕು ಪ್ರತಿನಿಧಿಗಳ ಜಗಳ

ಫ್ಲೋರಿಡಾ ಮತ್ತು ಮಿಷಿಗನ್ ಪಕ್ಷದ ವೇಳಾಪಟ್ಟಿ ಮೀರಿ ಜನವರಿಯಲ್ಲೇ ಪ್ರೈಮರಿ ನಡೆಸಿದ್ದವು. ಶಿಕ್ಷೆಯಾಗಿ ಪಕ್ಷ ಅವುಗಳ ಎಲ್ಲ ಪ್ರತಿನಿಧಿಗಳನ್ನೂ ಕಿತ್ತುಕೊಂಡಿತ್ತು. ಅಭ್ಯರ್ಥಿಗಳು ಅಲ್ಲಿ ಪ್ರಚಾರ ಮಾಡಲಿಲ್ಲ. ಮಿಷಿಗನ್‌ನ ಮತಪತ್ರದಿಂದ ಒಬಾಮ ತಮ್ಮ ಹೆಸರನ್ನೇ ತೆಗೆಸಿಕೊಂಡರು. ಹಿಲರಿಯವರ ಹೆಸರು ಉಳಿಯಿತು. 2007ರ ಅಕ್ಟೋಬರ್‌ನಲ್ಲಿ ನ್ಯೂ ಹ್ಯಾಂಪ್‌ಶೈರ್‌ನ ರೇಡಿಯೊದಲ್ಲಿ ಅವರೇ ಮಿಷಿಗನ್ ಮತ ಲೆಕ್ಕಕ್ಕೆ ಬರುವುದಿಲ್ಲ ಎಂದಿದ್ದರು. 2008ರ ಮೇನಲ್ಲಿ, ಆ ಎರಡು ರಾಜ್ಯಗಳ ಮತ ಎಣಿಸದಿರುವುದು ಪ್ರಜಾಪ್ರಭುತ್ವಕ್ಕೆ ಮಾಡುವ ಅನ್ಯಾಯ ಎಂಬುದು ಅವರ ಮುಖ್ಯ ವಾದವಾಯಿತು.

ಮೇ 31ರಂದು ವಾಷಿಂಗ್ಟನ್‌ನ ಹೋಟೆಲೊಂದರಲ್ಲಿ ಪಕ್ಷದ ನಿಯಮಾವಳಿ ಸಮಿತಿ ಸೇರಿತು. ಹೊರಗೆ ಘೋಷಣೆ, ಒಳಗೆ ಪ್ರೇಕ್ಷಕರ ಗದ್ದಲ. ಫ್ಲೋರಿಡಾದ ಎಲ್ಲ ಪ್ರತಿನಿಧಿಗಳಿಗೂ ತಲಾ ಅರ್ಧ ಮತ ಎಂದು ಒಮ್ಮತದಿಂದ ತೀರ್ಮಾನವಾಯಿತು. ಜಗಳ ಬಂದದ್ದು ಮಿಷಿಗನ್ ಬಗ್ಗೆ. ಹಿಲರಿ ಪಾಳಯ ಕೇಳಿದ್ದು 73, ಉಳಿದ 55 ಯಾರಿಗೂ ಬದ್ಧರಲ್ಲದವರು ಎಂದು. ಸಮಿತಿ 19ಕ್ಕೆ 8 ಮತಗಳಿಂದ ಕೊಟ್ಟದ್ದು ಹಿಲರಿಯವರಿಗೆ 69, ಒಬಾಮ ಅವರಿಗೆ 59, ಅದೂ ತಲಾ ಅರ್ಧ ಮತ. ವ್ಯತ್ಯಾಸ ನಾಲ್ಕು ಪ್ರತಿನಿಧಿಗಳು, ಎರಡು ಮತ. ಸಮಿತಿಯಲ್ಲಿದ್ದ ಹಿಲರಿ ಬಂಟ ಹೆರಾಲ್ಡ್ ಇಕೀಸ್ ಈ ನಾಲ್ಕನ್ನು ಅಪಹರಣ ಎಂದು ಕರೆದರು. ಅಧಿವೇಶನದವರೆಗೂ ಇದನ್ನು ಒಯ್ಯುವ ಹಕ್ಕನ್ನು ಹಿಲರಿ ಕಾದಿರಿಸಿಕೊಂಡಿದ್ದಾರೆ ಎಂದು ಗುಡುಗಿದರು. ಸಭಾಂಗಣದಲ್ಲಿ ಡೆನ್ವರ್, ಡೆನ್ವರ್ ಎಂಬ ಕೂಗು ಎದ್ದಿತು. ಆಗಸ್ಟ್‌ನ ಅಧಿವೇಶನ ನಡೆಯಬೇಕಿದ್ದದ್ದು ಅಲ್ಲೇ. ಇದೇ ಇಕೀಸ್, ಇದೇ ಸಮಿತಿಯ ಸದಸ್ಯರಾಗಿ, 2007ರಲ್ಲಿ ಎರಡೂ ರಾಜ್ಯಗಳ ಪ್ರತಿನಿಧಿಗಳನ್ನು ಕಿತ್ತುಕೊಳ್ಳುವ ಪರವಾಗಿ ಕೈ ಎತ್ತಿದ್ದವರು. ತಾನೇ ಬರೆದ ನಿಯಮವನ್ನು ಸೋಲುವಾಗ ಅನ್ಯಾಯ ಎನ್ನುವುದು ಹಿಂದುಳಿದ ಅಭ್ಯರ್ಥಿ ಮಾಡಬಾರದ ಕೆಲಸಗಳಲ್ಲಿ ಮೊದಲನೆಯದು. ಆ ಎರಡು ಮತಗಳಿಂದ ಹಿಲರಿ ಗೆಲ್ಲುತ್ತಿರಲಿಲ್ಲ. ತಮ್ಮಿಂದ ಏನೋ ಕಸಿದುಕೊಳ್ಳಲಾಯಿತು ಎಂಬ ನಂಬಿಕೆ ಅವರ ಬೆಂಬಲಿಗರಲ್ಲಿ ಉಳಿಯಿತು, ಅಷ್ಟೇ.

ಜೂನ್ 3ರಂದು ಕೊನೆಯ ಎರಡು ರಾಜ್ಯ. ಸೌತ್ ಡಕೋಟಾ ಹಿಲರಿಗೆ, ಮೊಂಟಾನಾ ಒಬಾಮ ಅವರಿಗೆ. ಫ್ಲೋರಿಡಾ, ಮಿಷಿಗನ್ ಮತಗಳು ಸೇರಿದ ಮೇಲೆ ಬಹುಮತದ ಹೊಸ ಗುರಿಯಾದ 2,118 ಪ್ರತಿನಿಧಿ ಮತಗಳನ್ನು ಒಬಾಮ ಆ ರಾತ್ರಿ ದಾಟಿದರು. ನ್ಯೂಯಾರ್ಕ್‌ನ ಬರೂಕ್ ಕಾಲೇಜಿನಲ್ಲಿ ಹಿಲರಿಯವರನ್ನು ಅವರ ಪ್ರಚಾರ ಅಧ್ಯಕ್ಷ ಟೆರ್ರಿ ಮೆಕಾಲಿಫ್ ಅಮೆರಿಕದ ಮುಂದಿನ ಅಧ್ಯಕ್ಷೆ ಎಂದು ವೇದಿಕೆಗೆ ಕರೆದರು. ಹಿಲರಿ ಇಂದು ಯಾವ ತೀರ್ಮಾನವನ್ನೂ ಮಾಡುವುದಿಲ್ಲ ಎಂದರು. ಒಂದು ದೊಡ್ಡ ಪಕ್ಷದಿಂದ ಮೊದಲ ಬಾರಿಗೆ ಕಪ್ಪು ಅಭ್ಯರ್ಥಿಯೊಬ್ಬ ಗೆದ್ದ ರಾತ್ರಿಯದು. ಆ ರಾತ್ರಿಯ ಸುದ್ದಿಯನ್ನು ಹಂಚಿಕೊಳ್ಳಲು ಹೋದದ್ದು ಸಣ್ಣತನ ಎಂದೇ ನನಗೆ ಅನ್ನಿಸುತ್ತದೆ. ಎರಡು ದಿನಗಳ ನಂತರ ಸೆನೆಟರ್ ಡಯಾನ್ ಫೈನ್‌ಸ್ಟೈನ್ ಅವರ ಮನೆಯಲ್ಲಿ ಇಬ್ಬರೂ ಏಕಾಂತದಲ್ಲಿ ಮಾತಾಡಿದರು. ಜೂನ್ 7ರಂದು ವಾಷಿಂಗ್ಟನ್‌ನ ರಾಷ್ಟ್ರೀಯ ಕಟ್ಟಡ ವಸ್ತುಸಂಗ್ರಹಾಲಯದಲ್ಲಿ ಹಿಲರಿ ಸ್ಪರ್ಧೆ ನಿಲ್ಲಿಸಿ ಒಬಾಮ ಅವರನ್ನು ಬೆಂಬಲಿಸಿದರು. ತಮಗೆ ಬಿದ್ದ ಒಂದು ಕೋಟಿ ಎಂಬತ್ತು ಲಕ್ಷ ಮತಗಳನ್ನು ಹೆಣ್ಣನ್ನು ಮೇಲೇರಲು ಬಿಡದ, ಕಣ್ಣಿಗೆ ಕಾಣದ ಗಾಜಿನ ಚಾವಣಿಯ ಅಷ್ಟೇ ಬಿರುಕುಗಳು ಎಂದು ಕರೆದದ್ದು ಆ ಭಾಷಣದಲ್ಲಿ. ನಾಲ್ಕು ರಾತ್ರಿ ಮೊದಲೇ ಆಡಿದ್ದರೆ ಅದರ ಕಳೆಯೇ ಬೇರೆ ಇರುತ್ತಿತ್ತು.

ನವೆಂಬರ್

ಮಾರ್ಚ್ ಕೊನೆಯ ಗ್ಯಾಲಪ್ ಸಮೀಕ್ಷೆಯಲ್ಲಿ ಹಿಲರಿ ಬೆಂಬಲಿಗರಲ್ಲಿ ಶೇ 28ರಷ್ಟು ಜನ, ಒಬಾಮ ಅಭ್ಯರ್ಥಿಯಾದರೆ ಮೆಕೇನ್ ಅವರಿಗೆ ಮತ ಹಾಕುತ್ತೇವೆ ಎಂದಿದ್ದರು. ಪಕ್ಷ ಒಡೆದೇಹೋಯಿತು ಎಂದು ಎದೆ ಬಡಿದುಕೊಂಡವರಿಗೆ ಲೆಕ್ಕವಿಲ್ಲ. ನವೆಂಬರ್ 4ರ ಮತಗಟ್ಟೆ ಸಮೀಕ್ಷೆಯಲ್ಲಿ ಒಬಾಮ ಪಡೆದದ್ದು ಡೆಮಾಕ್ರಟರ ಶೇ 89 ಮತ. ಪ್ರೈಮರಿಯಲ್ಲಿ ಹೆಚ್ಚು ಜಗಳವಿಲ್ಲದೆ ಅಭ್ಯರ್ಥಿಯಾಗಿದ್ದ ಜಾನ್ ಕೆರ್ರಿ 2004ರಲ್ಲಿ ಪಡೆದದ್ದೂ ಶೇ 89. ಮಾರ್ಚ್‌ನಲ್ಲಿ ಕೇಳಿದ ಮುನಿಸಿನ ಮಾತನ್ನು ನವೆಂಬರ್‌ನ ಮತವೆಂದು ಭಾವಿಸುವುದು ಪತ್ರಕರ್ತರ ಹಳೆಯ ಚಾಳಿ.

ಆ ಶೇ 89 ತಾನಾಗಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ಜೂನ್ 27ರಂದು ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನ ಯೂನಿಟಿ ಎಂಬ ಊರಿಗೆ ಒಟ್ಟಿಗೆ ಹೋದರು. ಜನವರಿಯ ಪ್ರೈಮರಿಯಲ್ಲಿ ಆ ಊರು ಇಬ್ಬರಿಗೂ ತಲಾ 107 ಮತ ಕೊಟ್ಟಿತ್ತು. ನಾಟಕವೇ ಸರಿ, ಆದರೆ ಕೆಲಸಕ್ಕೆ ಬರುವ ನಾಟಕ. ಆಗಸ್ಟ್ 27ರಂದು ಡೆನ್ವರ್‌ನಲ್ಲಿ ರಾಜ್ಯವಾರು ಮತ ಕರೆಯುತ್ತಿದ್ದಾಗ ಹಿಲರಿ ನ್ಯೂಯಾರ್ಕ್ ಪ್ರತಿನಿಧಿಗಳ ನಡುವೆ ನಿಂತು, ಎಣಿಕೆ ನಿಲ್ಲಿಸಿ ಒಬಾಮ ಅವರನ್ನು ಒಕ್ಕೊರಲಿನಿಂದ ಆರಿಸಬೇಕು ಎಂದು ಸೂಚಿಸಿದರು. 1980ರಲ್ಲಿ ಎಡ್ವರ್ಡ್ ಕೆನಡಿ ಇದರ ತದ್ವಿರುದ್ಧ ಮಾಡಿದ್ದರು. ಜಿಮ್ಮಿ ಕಾರ್ಟರ್ ಅವರಿಗಿಂತ ತೀರಾ ಹಿಂದಿದ್ದರೂ ಪ್ರತಿನಿಧಿಗಳನ್ನು ಬದ್ಧತೆಯಿಂದ ಬಿಡುಗಡೆ ಮಾಡಬೇಕೆಂದು ಅಧಿವೇಶನದಲ್ಲಿ ನಿಯಮದ ಜಗಳ ತೆಗೆದರು. ಅದರಲ್ಲಿ ಸೋತ ಮೇಲಷ್ಟೇ ಸರಿದರು. ಕೊನೆಯ ರಾತ್ರಿ ವೇದಿಕೆಯ ಮೇಲೆ ಕಾರ್ಟರ್ ಜೊತೆ ಕೈ ಎತ್ತಿ ನಿಲ್ಲಲು ಅವರು ಹಿಂಜರಿದದ್ದನ್ನು ದೇಶವೇ ನೋಡಿತು. ಇಬ್ಬರೂ ಹಿಂದುಳಿದಿದ್ದವರು, ಇಬ್ಬರೂ ಕೊನೆಯ ಪ್ರೈಮರಿಯವರೆಗೆ ಉಳಿದವರು. ಎರಡು ಪ್ರಕರಣಗಳ ಅಂತರ ಇರುವುದು ಜೂನ್ ಮತ್ತು ಆಗಸ್ಟ್ ನಡುವಿನ ನಡವಳಿಕೆಯಲ್ಲಿ.

ಇನ್ನು ಇಂಡಿಯಾನಾ ಮತ್ತು ನಾರ್ತ್ ಕೆರೊಲಿನಾ. 1964ರ ನಂತರ ಇಂಡಿಯಾನಾವನ್ನೂ, 1976ರ ನಂತರ ನಾರ್ತ್ ಕೆರೊಲಿನಾವನ್ನೂ ಯಾವ ಡೆಮಾಕ್ರಟಿಕ್ ಅಭ್ಯರ್ಥಿಯೂ ಗೆದ್ದಿರಲಿಲ್ಲ. ಒಬಾಮ ಎರಡನ್ನೂ ಗೆದ್ದರು. ಮೊದಲನೆಯದನ್ನು ಸುಮಾರು 28 ಸಾವಿರ, ಎರಡನೆಯದನ್ನು ಸುಮಾರು 14 ಸಾವಿರ ಮತಗಳಿಂದ. ಮಾರ್ಚ್‌ನಲ್ಲೇ ಸ್ಪರ್ಧೆ ಮುಗಿದಿದ್ದರೆ ಮೇನಲ್ಲಿ ಆ ರಾಜ್ಯಗಳಲ್ಲಿ ಕಚೇರಿ ತೆರೆಯುವ, ಮನೆ ಮನೆ ಬಾಗಿಲು ತಟ್ಟುವ, ಹೊಸ ಮತದಾರರನ್ನು ನೋಂದಾಯಿಸುವ ಕೆಲಸ ಆ ಪ್ರಮಾಣದಲ್ಲಿ ನಡೆಯುತ್ತಿತ್ತೇ? ನಡೆಯುತ್ತಿರಲಿಲ್ಲ ಎಂದೇ ನನ್ನ ತರ್ಕ. ಸೆಪ್ಟೆಂಬರ್‌ನಲ್ಲಿ ಲೀಮನ್ ಬ್ರದರ್ಸ್ ಬ್ಯಾಂಕ್ ಮುಳುಗಿ ಆರ್ಥಿಕತೆ ಕುಸಿದದ್ದೂ ಒಬಾಮ ಗೆಲುವಿಗೆ ದೊಡ್ಡ ಕಾರಣ, ಅದನ್ನು ಬದಿಗಿಟ್ಟು ಮಾತಾಡುವಂತಿಲ್ಲ. ಆದರೆ ಆರ್ಥಿಕತೆ ಕುಸಿದದ್ದು ಐವತ್ತೂ ರಾಜ್ಯಗಳಲ್ಲಿ. 14 ಸಾವಿರದಂಥ ಅಂತರ ಬರುವುದು ನೆಲದ ಮೇಲೆ ನಡೆದ ಕೆಲಸದಿಂದ. ಆ ಕೆಲಸಕ್ಕೆ ಒಬಾಮ ಅವರನ್ನು ಮೇ ತಿಂಗಳಲ್ಲೇ ಅಲ್ಲಿಗೆ ಎಳೆದು ತಂದವರು ಹಿಲರಿ.

ಕೊನೆಗೆ ಉಳಿದದ್ದು ಸಾಲ. ಸ್ಪರ್ಧೆ ನಿಲ್ಲಿಸಿದಾಗ ಹಿಲರಿ ಪ್ರಚಾರದ ಮೇಲೆ ಎರಡು ಕೋಟಿ ಡಾಲರ್‌ಗೂ ಹೆಚ್ಚು ಹೊರೆ ಇತ್ತು. ಒಬಾಮ ತಮ್ಮ ದಾನಿಗಳಿಗೆ ನೆರವಾಗುವಂತೆ ಕೇಳಿಕೊಂಡರು. ಸಣ್ಣ ವ್ಯಾಪಾರಿಗಳದು ಮೊದಲು ತೀರಿತು, ಮುಖ್ಯ ತಂತ್ರಗಾರ ಮಾರ್ಕ್ ಪೆನ್ ಅವರ ಸಂಸ್ಥೆಯದು ಕೊನೆಗೆ. ಎಲ್ಲ ಬಾಕಿಯೂ ತೀರುವಷ್ಟರಲ್ಲಿ ಹಿಲರಿ ವಿದೇಶಾಂಗ ಸಚಿವೆಯಾಗಿ ನಾಲ್ಕು ವರ್ಷದ ಅವಧಿಯನ್ನೇ ಮುಗಿಸುತ್ತಿದ್ದರು. ತಾವು ಕೊಟ್ಟ ಒಂದು ಕೋಟಿಗೂ ಹೆಚ್ಚಿನ ಸಾಲ ಮಾತ್ರ ಅವರಿಗೆ ಹಿಂದಿರುಗಲಿಲ್ಲ. 2002ರ ಕಾನೂನಿನ ಪ್ರಕಾರ, ಚುನಾವಣೆ ಮುಗಿದ ಮೇಲೆ ಎತ್ತಿದ ದೇಣಿಗೆಯಿಂದ ಅಭ್ಯರ್ಥಿಯ ಸ್ವಂತ ಸಾಲಕ್ಕೆ ಎರಡೂವರೆ ಲಕ್ಷ ಡಾಲರ್‌ಗಿಂತ ಹೆಚ್ಚು ಮರುಪಾವತಿಸುವಂತಿರಲಿಲ್ಲ. ಸೋಲು ಕಾಣುತ್ತಿದ್ದರೂ ಸ್ವಂತ ಜೇಬಿನಿಂದ ಸುರಿಯುವವರಿಗೆ ಅದೊಂದು ಕಡಿವಾಣ. 2022ರಲ್ಲಿ ರಿಪಬ್ಲಿಕನ್ ಸೆನೆಟರ್ ಟೆಡ್ ಕ್ರೂಜ್ ಹೂಡಿದ್ದ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟ್ ಆ ಮಿತಿಯನ್ನು 6–3ರ ಬಹುಮತದಿಂದ ರದ್ದುಪಡಿಸಿತು. ಈ ಕ್ರೂಜ್ ಅವರೇ 2016ರಲ್ಲಿ ಡೊನಾಲ್ಡ್ ಟ್ರಂಪ್ ಅವರಿಗಿಂತ ಹಿಂದುಳಿದು, ಇಂಡಿಯಾನಾ ಸೋತ ರಾತ್ರಿಯೇ ಕಣ ಬಿಟ್ಟವರು. ಇನ್ನು ಮುಂದೆ ಮಾರ್ಚ್ ತಿಂಗಳಲ್ಲಿ 160 ಪ್ರತಿನಿಧಿಗಳಷ್ಟು ಹಿಂದಿರುವ ಶ್ರೀಮಂತ ಅಭ್ಯರ್ಥಿ ಕೊಟ್ಟ ಸಾಲವನ್ನು ಸೋತ ಮೇಲೂ ದಾನಿಗಳಿಂದ ವಸೂಲು ಮಾಡಿಕೊಳ್ಳಬಹುದು.